ಆನ್‌ಲೈನ್ ಗೋಚರತೆ ಮತ್ತು ಸಣ್ಣ ವ್ಯಾಪಾರ: ಹಳೇ ಹುಬ್ಬಳ್ಳಿಯ ನೆಲೆಯಲ್ಲಿ

ಅಂತರ್ಜಾಲದಲ್ಲಿ ಹುಡುಕುವವರಿಗೆ ಒಂದು ಅಂಗಡಿ, ಕಸುಬು ಇಲ್ಲವೇ ವ್ಯಕ್ತಿ ಎಷ್ಟು ಸುಲಭವಾಗಿ, ಎಷ್ಟು ಸರಿಯಾಗಿ ಸಿಗುತ್ತಾರೆ ಎಂಬುದನ್ನು ಆನ್‌ಲೈನ್ ಗೋಚರತೆ ಎನ್ನುತ್ತಾರೆ. ಹಾಗೆ ಹುಡುಕಿದವರನ್ನು ಗಿರಾಕಿಯಾಗಿಸಿ, ಬಂದ ಗಿರಾಕಿಯನ್ನು ಉಳಿಸಿಕೊಳ್ಳುವ ಕೆಲಸ ಆನ್‌ಲೈನ್ ಮಾರ್ಕೆಟಿಂಗ್. ದೊಡ್ಡ ಕಂಪನಿಗಳಿಗೆ ಇದಕ್ಕಾಗಿಯೇ ವಿಭಾಗಗಳಿವೆ, ಬಜೆಟ್ ಇದೆ. ಓಣಿಯ ಟೇಲರ್, ಮನೆಯಲ್ಲಿ ರೊಟ್ಟಿ ಬಡಿದು ಮಾರುವ ಮಹಿಳೆ, ಖಾನಾವಳಿ ನಡೆಸುವ ಕುಟುಂಬ, ತಬಲಾ ಕಲಿಸುವ ಮೇಷ್ಟ್ರು ಇವರೆಲ್ಲ ತಮ್ಮ ಫೋನಿನಿಂದಲೇ, ಕೆಲಸದ ನಡುವಿನ ಬಿಡುವಿನಲ್ಲೇ ಇದನ್ನು ಮಾಡಬೇಕು. ಹಳೇ ಹುಬ್ಬಳ್ಳಿಯಂಥ ಹಳೆಯ ವಸತಿಯಲ್ಲಿ ಈ ಕೆಲಸದ ಅನುಕೂಲ ಮತ್ತು ತೊಡಕು ಎರಡೂ ನಿಚ್ಚಳವಾಗಿ ಕಾಣುತ್ತವೆ.

ಹಿನ್ನೆಲೆ

ಹುಬ್ಬಳ್ಳಿ ಬೆಳೆದದ್ದೇ ವ್ಯಾಪಾರದಿಂದ. ಭವಾನಿಶಂಕರ ದೇವಾಲಯವಿರುವ ರಾಯರ ಹುಬ್ಬಳ್ಳಿ ಊರಿನ ಮೂಲ ನೆಲೆ. ಅದೇ ಇಂದಿನ ಹಳೇ ಹುಬ್ಬಳ್ಳಿ. 17ನೆಯ ಶತಮಾನದಲ್ಲಿ ಇಲ್ಲಿ ಇಂಗ್ಲಿಷರ ವ್ಯಾಪಾರ ಕೋಠಿ ಇತ್ತು. 1727ರಲ್ಲಿ ಬಸಪ್ಪ ಶೆಟ್ಟರು ಸವಣೂರು ನವಾಬರ ಅನುಮತಿ ಪಡೆದು ಹೊಸ ಹುಬ್ಬಳ್ಳಿಯನ್ನು ಕಟ್ಟಿಸಿದರು. ಮುಂದೆ ದುರ್ಗದ ಬೈಲ್, ಜವಳಿ ಸಾಲ, ದಾಜಿಬಾನ ಪೇಟೆ, ಬ್ರಾಡ್‌ವೇ, ಕೊಪ್ಪಿಕರ ರಸ್ತೆಗಳು ಪೇಟೆಯಾಗಿ ಬೆಳೆದು, ಸುತ್ತಲಿನ ಜಿಲ್ಲೆಗಳ ಜನ ಬಟ್ಟೆ, ಬಂಗಾರ, ಪಾತ್ರೆ, ಯಂತ್ರದ ಬಿಡಿಭಾಗಗಳಿಗೆ ಹುಬ್ಬಳ್ಳಿಗೆ ಬರುವುದು ರೂಢಿಯಾಯಿತು. ಅಂಗಡಿಯ ಹೆಸರು ಹಬ್ಬಲು ಬಾಯಿಮಾತೇ ಮುಖ್ಯ ದಾರಿ. ಅದರ ಜೊತೆಗೆ ಪೇಂಟರ್ ಬರೆದ ಬೋರ್ಡು, ಪತ್ರಿಕೆಯೊಳಗೆ ಇಟ್ಟು ಹಂಚುವ ಹ್ಯಾಂಡ್‌ಬಿಲ್, ಸಿನಿಮಾ ಟಾಕೀಸಿನ ಸ್ಲೈಡು, ದೀಪಾವಳಿಗೆ ಕೊಡುವ ಕ್ಯಾಲೆಂಡರು, ಆಟೋಕ್ಕೆ ಮೈಕ್ ಕಟ್ಟಿ ಸಾರುವುದು ಇದ್ದವು. ಇವುಗಳಲ್ಲಿ ಹಲವು ಇಂದಿಗೂ ನಿಂತಿಲ್ಲ.

ಬದಲಾದದ್ದು ಗಿರಾಕಿಯ ಅಭ್ಯಾಸ. ಏಪ್ರಿಲ್ 2016ರಲ್ಲಿ ಯುಪಿಐ ಬಂತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಜಿಯೊ ಸೇವೆ ಆರಂಭವಾಗಿ ಮೊಬೈಲ್ ಡೇಟಾ ಅಗ್ಗವಾಯಿತು. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಆದಾಗ ಕಿರಾಣಿ ಅಂಗಡಿಯವರು ಸಾಮಾನಿನ ಚೀಟಿಯನ್ನು ವಾಟ್ಸ್‌ಆ್ಯಪ್‌ನಲ್ಲಿ ತರಿಸಿಕೊಂಡು ಮನೆಗೆ ತಲುಪಿಸತೊಡಗಿದರು. ಗದಗದಿಂದಲೋ ಹಾವೇರಿಯಿಂದಲೋ ಮದುವೆ ಜವಳಿಗೆ ಬರುವ ಕುಟುಂಬ ಈಗ ಬಸ್ಸು ಹತ್ತುವ ಮೊದಲೇ ಫೋನಿನಲ್ಲಿ ಅಂಗಡಿಗಳನ್ನು ನೋಡಿರುತ್ತದೆ. ಮೂರು ತಲೆಮಾರಿನಿಂದ ನಡೆದುಬಂದ ಅಂಗಡಿ ಆ ಪರದೆಯ ಮೇಲೆ ಬರದಿದ್ದರೆ, ಹೊಸ ಗಿರಾಕಿಯ ಪಾಲಿಗೆ ಅದು ಇದ್ದೂ ಇಲ್ಲದಂತೆ.

ಹುಡುಕಾಟ ನಡೆಯುವ ಬಗೆ

1998ರಲ್ಲಿ ಲ್ಯಾರಿ ಪೇಜ್ ಮತ್ತು ಸರ್ಗೆ ಬ್ರಿನ್ ಸ್ಥಾಪಿಸಿದ ಗೂಗಲ್, ಜಾಲತಾಣಗಳನ್ನು ಸುತ್ತಿ ಓದಿ, ಓದಿದ್ದನ್ನು ಸೂಚಿಯಲ್ಲಿ ಸೇರಿಸಿ, ಪ್ರಶ್ನೆ ಬಂದಾಗ ಸೂಚಿಯಿಂದ ಉತ್ತರಗಳನ್ನು ಆರಿಸಿ ಕ್ರಮವಾಗಿ ತೋರಿಸುತ್ತದೆ. ಬೇರೆ ತಾಣಗಳು ಒಂದು ಪುಟಕ್ಕೆ ಕೊಟ್ಟ ಕೊಂಡಿಗಳನ್ನು ಆ ಪುಟದ ಮಹತ್ವಕ್ಕೆ ಸಾಕ್ಷಿಯೆಂದು ಎಣಿಸಿದ್ದು ಅದರ ಮೂಲ ಹೊಳಹು. ಒಂದೇ ಪದವನ್ನು ಪುಟದ ತುಂಬ ತುರುಕುವುದು, ಕಾಸು ಕೊಟ್ಟು ಕೊಂಡಿ ಹಾಕಿಸಿಕೊಳ್ಳುವುದು ಮುಂತಾದ ಉಪಾಯಗಳು ಒಂದು ಕಾಲಕ್ಕೆ ನಡೆಯುತ್ತಿದ್ದವು. 2011ರ ಪಾಂಡಾ ಮತ್ತು 2012ರ ಪೆಂಗ್ವಿನ್ ಎಂಬ ಪರಿಷ್ಕರಣೆಗಳ ತರುವಾಯ ಅಂಥ ತಾಣಗಳು ಹಿಂದೆ ಬಿದ್ದವು. ಹಾಗಿದ್ದರೂ ‘ಮೊದಲ ಪುಟದಲ್ಲಿ ತರಿಸಿಕೊಡುತ್ತೇವೆ’ ಎಂದು ಗ್ಯಾರಂಟಿ ಕೊಡುವ ಏಜೆನ್ಸಿಗಳು ಇನ್ನೂ ಇವೆ. ಅಂಥ ಗ್ಯಾರಂಟಿ ಯಾರ ಕೈಯಲ್ಲೂ ಇಲ್ಲ.

ಊರಿನ ಅಂಗಡಿಗೆ ಇದಕ್ಕಿಂತ ಮುಖ್ಯವಾದದ್ದು ಸ್ಥಳೀಯ ಹುಡುಕಾಟ. ‘ಹತ್ತಿರದ ಖಾನಾವಳಿ’ ಎಂದು ಕೇಳಿದಾಗ ನಕ್ಷೆಯ ಜೊತೆ ಮೂರು ನಾಲ್ಕು ಹೆಸರುಗಳಷ್ಟೇ ಮೊದಲು ಕಾಣುತ್ತವೆ. ಈ ಆಯ್ಕೆಗೆ ಮೂರು ಆಧಾರಗಳಿವೆ ಎಂದು ಗೂಗಲ್ ಹೇಳಿಕೊಂಡಿದೆ: ಕೇಳಿದ್ದಕ್ಕೂ ಅಂಗಡಿಯ ಕೆಲಸಕ್ಕೂ ಇರುವ ಹೊಂದಿಕೆ, ಕೇಳಿದವನಿಂದ ಅಂಗಡಿಗೆ ಇರುವ ದೂರ, ಮತ್ತು ಅಂಗಡಿಗೆ ಇರುವ ಹೆಸರು. ದೂರವನ್ನು ಬದಲಿಸಲು ಬರುವುದಿಲ್ಲ. ಹೊಂದಿಕೆ ಸರಿಯಾದ ಮಾಹಿತಿಯಿಂದ ಬರುತ್ತದೆ. ಹೆಸರು ಬರುವುದು ಗಿರಾಕಿಗಳ ಅಭಿಪ್ರಾಯ, ಪತ್ರಿಕೆಗಳ ಉಲ್ಲೇಖ, ಬೇರೆ ತಾಣಗಳ ಕೊಂಡಿಗಳಿಂದ. ಹುಬ್ಬಳ್ಳಿಯ ಬೆಂಗೇರಿಯಲ್ಲಿರುವ, 1957ರಲ್ಲಿ ಸ್ಥಾಪನೆಯಾದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘವನ್ನು ಇದಕ್ಕೆ ಉದಾಹರಣೆಯಾಗಿ ನೋಡಬಹುದು. ಭಾರತೀಯ ಮಾನಕ ಬ್ಯೂರೋದ ಮಾನ್ಯತೆ ಪಡೆದು ಖಾದಿಯ ರಾಷ್ಟ್ರಧ್ವಜ ತಯಾರಿಸುವ ಸಂಸ್ಥೆ ಇದಾದ್ದರಿಂದ, ಆಗಸ್ಟ್ 15 ಮತ್ತು ಜನವರಿ 26 ಹತ್ತಿರ ಬಂದಂತೆಲ್ಲ ದೇಶದ ಪತ್ರಿಕೆಗಳು ಅದರ ಬಗ್ಗೆ ಬರೆಯುತ್ತವೆ. ಕೆಲಸದ ವಿಶಿಷ್ಟತೆ ತಂದುಕೊಡುವ ಇಂಥ ಗೋಚರತೆಯನ್ನು ಜಾಹೀರಾತಿನಿಂದ ಕೊಳ್ಳಲು ಆಗುವುದಿಲ್ಲ.

ಹೆಸರು, ವಿಳಾಸ, ಭಾಷೆ

ಸ್ಥಳೀಯ ಗೋಚರತೆಯ ತಳಪಾಯ ಗೂಗಲ್ ಬಿಸಿನೆಸ್ ಪ್ರೊಫೈಲ್. 2014ರಲ್ಲಿ ‘ಗೂಗಲ್ ಮೈ ಬಿಸಿನೆಸ್’ ಎಂದು ಶುರುವಾದ ಈ ಸೇವೆಗೆ 2021ರ ನವೆಂಬರಿನಲ್ಲಿ ಈಗಿನ ಹೆಸರು ಬಂತು. ಇದಕ್ಕೆ ಶುಲ್ಕವಿಲ್ಲ. ಅಂಗಡಿಯ ಹೆಸರು, ವರ್ಗ, ವಿಳಾಸ, ಫೋನ್, ಬಾಗಿಲು ತೆರೆಯುವ ವೇಳೆ, ಫೋಟೊಗಳನ್ನು ಸೇರಿಸಿ, ಫೋನ್, ವಿಡಿಯೊ ಮುಂತಾದ ದಾರಿಗಳಲ್ಲಿ ಪರಿಶೀಲನೆ ಮುಗಿಸಿದರೆ ಅಂಗಡಿ ಹುಡುಕಾಟ ಮತ್ತು ನಕ್ಷೆ ಎರಡರಲ್ಲೂ ಕಾಣುತ್ತದೆ. ಕೆಲಸ ಇಷ್ಟೇ ಎನಿಸಿದರೂ ಹೆಚ್ಚಿನ ತಪ್ಪುಗಳಾಗುವುದು ಇಲ್ಲಿಯೇ.

ಮೊದಲ ತೊಡಕು ವಿಳಾಸದ್ದು. ಹಳೇ ಹುಬ್ಬಳ್ಳಿಯ ವಿಳಾಸಗಳು ಹೇಳುವುದಕ್ಕೆ ಹುಟ್ಟಿದವು, ಬರೆಯುವುದಕ್ಕಲ್ಲ. ಇಂಡಿ ಪಂಪ್ ದಾಟಿ, ಗುಡಿಯ ಎಡಕ್ಕೆ, ಇಂಥವರ ಮನೆ ಎದುರು ಎಂದರೆ ಆಟೋದವರಿಗೆ ತಿಳಿಯುತ್ತದೆ. ಗಣಕಕ್ಕೆ ಬೇಕಾದದ್ದು ಒಂದೇ ರೀತಿಯಲ್ಲಿ ಬರೆದ ವಿಳಾಸ, 580024 ಎಂಬ ಪಿನ್‌ಕೋಡ್ ಮತ್ತು ನಕ್ಷೆಯ ಮೇಲೆ ಸರಿಯಾದ ಜಾಗದಲ್ಲಿ ಊರಿದ ಗುರುತು. ಇಕ್ಕಟ್ಟಾದ ಓಣಿಗಳಲ್ಲಿ ಗುರುತು ಕೊಂಚ ಸರಿದರೂ ಗಿರಾಕಿ ಹಿಂದಿನ ಓಣಿಗೆ ಹೋಗಿ ನಿಲ್ಲುತ್ತಾನೆ. ಅಂಗಡಿಯ ಮುಂಭಾಗ, ಓಣಿಯ ಬಾಯಿ, ಹತ್ತಿರದ ಗುಡಿ ಅಥವಾ ವೃತ್ತ ಕಾಣುವಂಥ ಫೋಟೊಗಳು ಇಲ್ಲಿ ಅಲಂಕಾರವಲ್ಲ, ದಾರಿ ತೋರಿಸುವ ಸಾಧನ. ಬಾಯಿಮಾತಿನ ಗುರುತುಗಳನ್ನು ಪ್ರೊಫೈಲಿನ ವಿವರಣೆಯಲ್ಲಿ ಬರೆದರೆ ಅವೂ ಕೆಲಸಕ್ಕೆ ಬರುತ್ತವೆ.

ಎರಡನೆಯದು ಊರಿನ ಹೆಸರು. 2014ರ ನವೆಂಬರ್ 1ರಿಂದ ರೋಮನ್ ಲಿಪಿಯಲ್ಲೂ ಅಧಿಕೃತ ಹೆಸರು ಹುಬ್ಬಳ್ಳಿ ಎಂದೇ ಆಗಿದೆ. ಹಾಗಿದ್ದರೂ ‘ಹುಬ್ಳಿ’ ಎಂಬ ಹಳೆಯ ರೋಮನ್ ಬರಹ ರೈಲ್ವೆಯ ಸಂಕೇತಾಕ್ಷರದಿಂದ ಹಿಡಿದು ಹಳೆಯ ಬಿಲ್ ಪುಸ್ತಕದವರೆಗೆ ಉಳಿದಿದೆ, ಜನ ಎರಡನ್ನೂ ಟೈಪ್ ಮಾಡುತ್ತಾರೆ. ತಿನಿಸುಗಳ ಹೆಸರಿನಲ್ಲೂ ಇದೇ ಪಾಡು: ಸಾವಜಿ ಊಟವನ್ನು ರೋಮನ್ ಅಕ್ಷರದಲ್ಲಿ ಮೂರು ನಾಲ್ಕು ಬಗೆಯಾಗಿ ಬರೆಯುತ್ತಾರೆ, ಗಿರಮಿಟ್ಟಿಗೂ ಒಂದೇ ಕಾಗುಣಿತವಿಲ್ಲ. ಗೂಗಲ್ ಇವುಗಳನ್ನು ತಕ್ಕಮಟ್ಟಿಗೆ ಜೋಡಿಸಿಕೊಳ್ಳುತ್ತದೆ. ಆದರೂ ಅಂಗಡಿಯ ವಿವರಣೆಯಲ್ಲಿ ಊರಿನ ಎರಡೂ ಬರಹಗಳು ಸಹಜವಾಗಿ ಬರುವಂತೆ ನೋಡಿಕೊಳ್ಳುವುದು ಒಳ್ಳೆಯದು. ಅಂಗಡಿಯ ಹೆಸರಿನಲ್ಲಿ ಮಾತ್ರ ಹೀಗೆ ಪದ ಸೇರಿಸಬಾರದು. ಬೋರ್ಡಿನ ಮೇಲೆ ಇರುವ ಹೆಸರೇ ಪ್ರೊಫೈಲಿನಲ್ಲೂ ಇರಬೇಕೆಂಬುದು ಗೂಗಲ್ ನಿಯಮ. ‘ಹುಬ್ಬಳ್ಳಿಯ ಅತ್ಯುತ್ತಮ’ ಎಂಬ ಬಾಲ ಹಚ್ಚಿದ ಪ್ರೊಫೈಲ್ ಅಮಾನತಾಗಬಹುದು. ಹಾಗೆಯೇ ಹುಬ್ಬಳ್ಳಿಯಲ್ಲಿದ್ದು ಧಾರವಾಡದಲ್ಲೂ ಕೆಲಸ ಮಾಡುವ ಎಲೆಕ್ಟ್ರಿಷಿಯನ್ ಅಥವಾ ಅಡುಗೆ ಕಂತ್ರಾಟುದಾರ ಅಲ್ಲಿ ಸುಳ್ಳು ವಿಳಾಸ ತೋರಿಸಬೇಕಿಲ್ಲ. ಸೇವೆ ಸಿಗುವ ಪ್ರದೇಶಗಳನ್ನು ಬೇರೆಯಾಗಿ ನಮೂದಿಸಲು, ಮನೆಯಿಂದಲೇ ಕೆಲಸ ಮಾಡುವವರಾದರೆ ಮನೆಯ ವಿಳಾಸವನ್ನು ಮರೆಮಾಡಲು ಅವಕಾಶವಿದೆ. ಮನೆಯಲ್ಲಿ ಒಬ್ಬರೇ ಇದ್ದು ಹೊಲಿಗೆ, ಅಡುಗೆ ಮಾಡುವ ಮಹಿಳೆಯರಿಗೆ ಈ ಅನುಕೂಲದ ಅರಿವು ಇರಲೇಬೇಕು.

ಮೂರನೆಯದು, ಎಲ್ಲಕ್ಕಿಂತ ದೊಡ್ಡದು, ಕನ್ನಡ ಪಠ್ಯದ ಕೊರತೆ. ಅಂಗಡಿಗಳ ನಾಮಫಲಕದಲ್ಲಿ ಶೇ. 60ರಷ್ಟು ಕನ್ನಡವಿರಬೇಕು ಎಂದು ರಾಜ್ಯ 2024ರಲ್ಲಿ ಕಾಯ್ದೆಗೆ ತಿದ್ದುಪಡಿ ತಂದಿತು. ಬೀದಿಯಲ್ಲಿ ಹೀಗೆ ಕಾಣುವ ಕನ್ನಡ ಅದೇ ಅಂಗಡಿಯ ಪ್ರೊಫೈಲಿನಲ್ಲಿ, ಪುಟದಲ್ಲಿ ಬಹಳ ಸಲ ಇರುವುದಿಲ್ಲ. ಇದಕ್ಕೆ ಒಂದು ತಾಂತ್ರಿಕ ಕಾರಣವೂ ಇದೆ. 1991ರ ಯುನಿಕೋಡ್ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ಸಿಕ್ಕಿತ್ತು. ಆದರೆ ಡಿಟಿಪಿ ಕೇಂದ್ರಗಳು ನುಡಿ, ಬರಹ ತಂತ್ರಾಂಶಗಳ ಹಳೆಯ ಆಸ್ಕಿ ಫಾಂಟುಗಳಲ್ಲೇ ದಶಕಗಳ ಕಾಲ ಕೆಲಸ ಮಾಡಿದವು. ಆ ಫಾಂಟಿನಲ್ಲಿ ಟೈಪ್ ಮಾಡಿದ್ದು ಕಾಗದದ ಮೇಲೆ ಕನ್ನಡವಾಗಿ ಕಂಡರೂ ಗಣಕದ ಕಡತದಲ್ಲಿ ಬೇರೆ ಅಕ್ಷರಗಳ ಸಾಲು. ಸರ್ಚ್ ಎಂಜಿನ್ನಿಗೆ ಅದು ಅರ್ಥವಾಗದು. ಈ ತಂತ್ರಾಂಶಗಳು ಆಮೇಲೆ ಯುನಿಕೋಡನ್ನೂ ಅಳವಡಿಸಿಕೊಂಡವು, ಆದರೆ ಪ್ರೆಸ್ಸಿನವರ ಕೈರೂಢಿ ನಿಧಾನವಾಗಿ ಬದಲಾಗುತ್ತಿದೆ. ಇಂದಿಗೂ ಅಂಗಡಿಯ ಪ್ರಚಾರವೆಂದರೆ ಬಣ್ಣದ ಒಂದು ಪೋಸ್ಟರ್ ಮಾಡಿಸಿ ಗ್ರೂಪುಗಳಿಗೆ ಕಳಿಸುವುದು. ಆ ಚಿತ್ರದಲ್ಲಿ ಅಚ್ಚಾದ ದರ, ದಿನಾಂಕ, ವಿಳಾಸ ಹುಡುಕಾಟಕ್ಕೆ ಸಿಗುವುದು ಕಷ್ಟ. ಅದೇ ನಾಲ್ಕು ಸಾಲನ್ನು ಫೋನಿನ ಕೀಬೋರ್ಡಿನಲ್ಲಿ ಕನ್ನಡದಲ್ಲೇ ಟೈಪ್ ಮಾಡಿ ಪ್ರೊಫೈಲಿಗೆ ಹಾಕಿದರೆ ಅದು ಯುನಿಕೋಡ್ ಪಠ್ಯವೇ ಆಗಿರುತ್ತದೆ, ಹುಡುಕಿದರೆ ಸಿಗುತ್ತದೆ. 2017ರ ಆಗಸ್ಟಿನಿಂದ ಗೂಗಲ್‌ನಲ್ಲಿ ಕನ್ನಡದ ಧ್ವನಿ ಹುಡುಕಾಟವೂ ಇದೆ. ಟೈಪ್ ಮಾಡಲು ಬಾರದ ಹಿರಿಯರೂ ಬಾಯಲ್ಲಿ ಕೇಳುತ್ತಾರೆ. ಕನ್ನಡದಲ್ಲಿ ಕೇಳಿದ್ದಕ್ಕೆ ಕನ್ನಡದಲ್ಲಿ ಉತ್ತರ ಇಟ್ಟುಕೊಂಡ ಅಂಗಡಿಗಳು ಕಡಿಮೆ ಇರುವುದರಿಂದ, ಮೊದಲು ಬರೆದವರಿಗೆ ಪೈಪೋಟಿ ಕಡಿಮೆ.

ಕಾಲಕ್ಕೆ ತಕ್ಕ ಮಾಹಿತಿಯ ಮಾತೂ ಇಲ್ಲಿ ಸಲ್ಲುತ್ತದೆ. ಹಳೇ ಹುಬ್ಬಳ್ಳಿಯ ಸಿದ್ಧಾರೂಢ ಮಠಕ್ಕೆ ಮಹಾಶಿವರಾತ್ರಿಯ ಜಾತ್ರೆಗೆ ಲಕ್ಷಾಂತರ ಭಕ್ತರು ಬರುತ್ತಾರೆ. ಊರಿನ ರೈಲು ನಿಲ್ದಾಣಕ್ಕೂ ಸಿದ್ಧಾರೂಢ ಸ್ವಾಮಿಗಳ ಹೆಸರೇ ಇದೆ. ಆ ದಿನಗಳಲ್ಲಿ ಊಟ, ವಸತಿ, ವಾಹನ ಹುಡುಕುವ ಪರಊರಿನವರಿಗೆ ಓಣಿಯ ಪರಿಚಯ ಇರುವುದಿಲ್ಲ, ಫೋನೇ ದಿಕ್ಕು. ಜಾತ್ರೆಯ ದಿನ ಅಂಗಡಿ ಎಷ್ಟು ಹೊತ್ತಿನವರೆಗೆ ತೆರೆದಿರುತ್ತದೆ ಎಂಬುದನ್ನು ಪ್ರೊಫೈಲಿನ ವಿಶೇಷ ವೇಳೆಯಲ್ಲಿ ತಿದ್ದಿಡಲು ಕೆಲವೇ ನಿಮಿಷ ಸಾಕು. ‘ತೆರೆದಿದೆ’ ಎಂದು ನೋಡಿ ಬಂದು ಮುಚ್ಚಿದ ಬಾಗಿಲು ಕಂಡವರು ಮತ್ತೆ ಬರುವುದು ಅಪರೂಪ.

ಗ್ರಾಹಕರ ಅಭಿಪ್ರಾಯ

ಪ್ರೊಫೈಲಿನ ಕೆಳಗೆ ಗಿರಾಕಿಗಳು ಬರೆಯುವ ರಿವ್ಯೂ ಮತ್ತು ಕೊಡುವ ನಕ್ಷತ್ರಗಳು ಬಾಯಿಮಾತಿನ ಲಿಖಿತ ರೂಪ. ಹತ್ತು ಜನ ಖುಷಿಪಟ್ಟವರು ಸುಮ್ಮನೆ ಹೋಗುತ್ತಾರೆ, ಒಬ್ಬ ಸಿಟ್ಟಾದವನು ಬರೆದು ಹೋಗುತ್ತಾನೆ. ಆದ್ದರಿಂದ ಒಳ್ಳೆಯ ಅನುಭವ ಆದವರನ್ನು ಬರೆಯಿರಿ ಎಂದು ಕೇಳುವುದು ತಪ್ಪಲ್ಲ, ಬೇಕಾದದ್ದೇ. ಕೇಳುವುದಕ್ಕೂ ಕೊಳ್ಳುವುದಕ್ಕೂ ವ್ಯತ್ಯಾಸವಿದೆ. ರಿಯಾಯಿತಿ ಕೊಟ್ಟು ರಿವ್ಯೂ ಬರೆಸುವುದನ್ನು, ಮನೆಯವರಿಂದ ಮತ್ತು ಕೆಲಸಗಾರರಿಂದ ನಕ್ಷತ್ರ ಕೊಡಿಸುವುದನ್ನು ಗೂಗಲ್ ನಿಯಮ ನಿಷೇಧಿಸುತ್ತದೆ. ಭಾರತೀಯ ಮಾನಕ ಬ್ಯೂರೋ 2022ರ ನವೆಂಬರಿನಲ್ಲಿ ಆನ್‌ಲೈನ್ ರಿವ್ಯೂಗಳಿಗಾಗಿ ಐಎಸ್ 19000 ಎಂಬ ಮಾನಕವನ್ನು ಹೊರತಂದಿದೆ; ಅದರ ಪ್ರಕಾರವೂ ಕಾಸಿಗೆ ಕೊಂಡ, ಗಿರಾಕಿಯಲ್ಲದವರು ಬರೆದ ರಿವ್ಯೂ ಸಲ್ಲದು.

ಕಟುವಾದ ರಿವ್ಯೂ ಬಂದಾಗ ಹೆಚ್ಚಿನವರು ಅದನ್ನು ತೆಗೆಸಲು ಓಡಾಡುತ್ತಾರೆ. ಸುಳ್ಳು, ಬೈಗುಳ ಅಥವಾ ಬೇರೆ ಅಂಗಡಿಯ ಬಗೆಗಿನ ಬರಹವಾಗಿದ್ದರೆ ಗೂಗಲ್‌ಗೆ ದೂರು ಕೊಡಬಹುದು. ದೂರು ನಿಜವಿದ್ದರೆ ಸೌಜನ್ಯದ ಉತ್ತರವೇ ಮೇಲು. ಆ ಉತ್ತರವನ್ನು ಸಿಟ್ಟಾದ ಒಬ್ಬರು ಮಾತ್ರವಲ್ಲ, ಮುಂದೆ ಬರಲಿರುವ ಗಿರಾಕಿಗಳೂ ಓದುತ್ತಾರೆ. ಪೇಟೆಯಲ್ಲಿ ಎದುರು ನಿಂತ ಗಿರಾಕಿಗೆ ಅಂಗಡಿಯವರು ‘ಅಕ್ಕಾರ’, ‘ಅಣ್ಣಾರ’, ‘ಬರ್ರಿ’ ಎಂದು ಕೊಡುವ ಮರ್ಯಾದೆಯೇ ಇಲ್ಲಿನ ಬರಹದಲ್ಲೂ ಇರಬೇಕು. ಎಲ್ಲ ರಿವ್ಯೂಗಳಿಗೂ ಒಂದೇ ಇಂಗ್ಲಿಷ್ ವಾಕ್ಯವನ್ನು ಅಂಟಿಸುವುದಕ್ಕಿಂತ ಕನ್ನಡದ ಒಂದು ಸಾಲು ಹೆಚ್ಚು ನಂಬಿಕೆ ಹುಟ್ಟಿಸುತ್ತದೆ.

ವಾಟ್ಸ್‌ಆ್ಯಪ್ ಮತ್ತು ವಿಡಿಯೊ

ಹೊಸ ಗಿರಾಕಿಯನ್ನು ಗೂಗಲ್ ತರುತ್ತದೆ, ಬಂದವರನ್ನು ಉಳಿಸಿಕೊಳ್ಳುವುದು ಬಹುಮಟ್ಟಿಗೆ ವಾಟ್ಸ್‌ಆ್ಯಪ್. 2018ರ ಜನವರಿಯಲ್ಲಿ ಸಣ್ಣ ವ್ಯಾಪಾರಿಗಳಿಗೆಂದೇ ವಾಟ್ಸ್‌ಆ್ಯಪ್ ಬಿಸಿನೆಸ್ ಬಂತು, ಮರುವರ್ಷ ಅದಕ್ಕೆ ಕ್ಯಾಟಲಾಗ್ ಸೌಲಭ್ಯ ಸೇರಿತು. ವಸ್ತುವಿನ ಫೋಟೊ, ಬೆಲೆ, ವಿವರವನ್ನು ಒಮ್ಮೆ ಸೇರಿಸಿಟ್ಟರೆ ‘ರೇಟ್ ಎಷ್ಟು’ ಎಂದು ಕೇಳಿದ ಪ್ರತಿಯೊಬ್ಬರಿಗೂ ಹೊಸದಾಗಿ ಹುಡುಕಿ ಕಳಿಸುವ ಶ್ರಮ ತಪ್ಪುತ್ತದೆ. ಅಂಗಡಿ ಮುಚ್ಚಿದಾಗ ತಾನಾಗಿ ಹೋಗುವ ಸಂದೇಶ, ಆರ್ಡರ್ ಕೊಟ್ಟವರಿಗೂ ಬಾಕಿ ಇರುವವರಿಗೂ ಬೇರೆ ಬೇರೆ ಲೇಬಲ್ ಮುಂತಾದವು ಉದ್ರಿ ಪುಸ್ತಕ ಬರೆದು ಅಭ್ಯಾಸವಿದ್ದವರಿಗೆ ಬೇಗ ಕೈವಶವಾಗುತ್ತವೆ. ಜವಳಿ, ಕಸೂತಿ, ಹೋಳಿಗೆ, ಶೇಂಗಾ ಚಟ್ನಿ, ಕಟಕ್ ರೊಟ್ಟಿ ಮಾರುವ ಎಷ್ಟೋ ಮಹಿಳೆಯರಿಗೆ 24 ಗಂಟೆ ಉಳಿಯುವ ಸ್ಟೇಟಸ್ಸೇ ಅಂಗಡಿಯ ಗಾಜಿನ ಕಪಾಟು.

ಇಲ್ಲಿ ಅಪಾಯ ಇರುವುದು ಅತಿಯಲ್ಲಿ. ಬ್ರಾಡ್‌ಕಾಸ್ಟ್ ಪಟ್ಟಿಯಿಂದ ಕಳಿಸಿದ ಸಂದೇಶ, ಕಳಿಸಿದವರ ನಂಬರನ್ನು ಉಳಿಸಿಕೊಂಡವರಿಗೆ ಮಾತ್ರ ತಲುಪುತ್ತದೆ. ಗಿರಾಕಿಯೇ ನಂಬರು ಉಳಿಸಿಕೊಳ್ಳುವಂತೆ ಮಾಡುವುದು ಸರಿಯಾದ ದಾರಿ. ಅದನ್ನು ಬಿಟ್ಟು ಎಲ್ಲೆಲ್ಲಿಂದಲೋ ನಂಬರುಗಳನ್ನು ಕೊಂಡು ಸಾವಿರಾರು ಜನರಿಗೆ ಜಾಹೀರಾತು ಕಳಿಸಿದರೆ ಜನ ಬ್ಲಾಕ್ ಮಾಡುತ್ತಾರೆ, ಖಾತೆಯೂ ಬಂದಾಗಬಹುದು. ಜೊತೆಗೆ ವಾಟ್ಸ್‌ಆ್ಯಪ್‌ನೊಳಗಿನ ಮಾತುಕತೆ ಗೂಗಲ್‌ಗೆ ಕಾಣುವುದಿಲ್ಲ. ಗ್ರೂಪುಗಳಲ್ಲಿ ವರ್ಷಗಟ್ಟಲೆ ಪ್ರಚಾರ ಮಾಡಿದ ವ್ಯಾಪಾರವೂ ಹೊರಗಿನಿಂದ ಹುಡುಕುವವರ ಪಾಲಿಗೆ ಖಾಲಿ ಜಾಗವಾಗಿಯೇ ಉಳಿಯುತ್ತದೆ.

2020ರ ಜೂನ್ 29ರಂದು ಭಾರತ ಟಿಕ್‌ಟಾಕ್ ನಿಷೇಧಿಸಿತು. ಅದಾದ ಕೆಲವೇ ದಿನಗಳಲ್ಲಿ ಇನ್‌ಸ್ಟಾಗ್ರಾಮ್ ರೀಲ್ಸ್ ಇಲ್ಲಿಗೆ ಬಂತು. ಚುಟುಕು ವಿಡಿಯೊ ಉತ್ತರ ಕರ್ನಾಟಕಕ್ಕೆ ಒಂದು ವಿಶೇಷ ಅನುಕೂಲ ಮಾಡಿಕೊಟ್ಟಿದೆ: ಇಲ್ಲಿನ ಆಡುಮಾತಿಗೆ ಪುಸ್ತಕದಲ್ಲಿ ಸಿಗದ ಜಾಗ ಪರದೆಯ ಮೇಲೆ ಸಿಕ್ಕಿದೆ. ಧಾರವಾಡ ಸೀಮೆಯ ಮಾತಿನ ಹಾಸ್ಯ ವಿಡಿಯೊಗಳಿಗೆ ರಾಜ್ಯದ ಉದ್ದಗಲಕ್ಕೂ ನೋಡುಗರಿದ್ದಾರೆ. ಅಂಗಡಿಯವರೂ ಜಾಹೀರಾತಿನ ಕೃತಕ ಭಾಷೆ ಬಿಟ್ಟು ತಾವು ದಿನಾಲೂ ಮಾತಾಡುವ ಹಾಗೆಯೇ ಸೀರೆಯ ಸೆರಗು ಬಿಡಿಸಿ ತೋರಿಸಿದರೆ, ಮಿರ್ಚಿ ಭಜಿ ಕರಿಯುವುದನ್ನು ತೋರಿಸಿದರೆ ನೋಡುಗರು ನಿಲ್ಲುತ್ತಾರೆ. 2025ರ ಜುಲೈಯಿಂದ ಇನ್‌ಸ್ಟಾಗ್ರಾಮಿನ ವೃತ್ತಿಪರ ಖಾತೆಗಳ ಸಾರ್ವಜನಿಕ ಪೋಸ್ಟುಗಳು ಗೂಗಲ್ ಹುಡುಕಾಟದಲ್ಲೂ ಬರಲು ಅವಕಾಶವಾಗಿದೆ. ವಿಡಿಯೊದ ಕೆಳಗೆ ಏನು, ಎಲ್ಲಿ, ಯಾವ ಊರು ಎಂಬುದನ್ನು ಕನ್ನಡದಲ್ಲಿ ಬರೆಯುವುದು ಈಗ ಇನ್ನಷ್ಟು ಉಪಯೋಗಿ. ಕಾಸಿಗೆ ಫಾಲೋವರ್ಸ್ ಕೊಳ್ಳುವುದರಿಂದ ಅಂಕಿ ಬೆಳೆಯುತ್ತದೆ, ವ್ಯಾಪಾರ ಬೆಳೆಯುವುದಿಲ್ಲ: ಕೊಂಡ ಫಾಲೋವರ್ ಹುಬ್ಬಳ್ಳಿಗೆ ಬಂದು ಚಹಾ ಕುಡಿಯುವವನಲ್ಲ.

ಸ್ವಂತ ತಾಣ ಮತ್ತು ಮಾರಾಟ ವೇದಿಕೆ

ಎಲ್ಲ ಸಣ್ಣ ವ್ಯಾಪಾರಕ್ಕೂ ಜಾಲತಾಣ ಬೇಕೇ ಬೇಕು ಎಂದೇನಿಲ್ಲ. ಓಣಿಯ ಕಿರಾಣಿ ಅಂಗಡಿಗೆ ಪ್ರೊಫೈಲ್ ಮತ್ತು ವಾಟ್ಸ್‌ಆ್ಯಪ್ ಸಾಕು. ಹೊರಊರಿಗೆ ಮಾಲು ಕಳಿಸುವವರಿಗೆ, ಕಾರ್ಖಾನೆಗಳಿಗೆ ಬಿಡಿಭಾಗ ಒದಗಿಸುವವರಿಗೆ, ಮದುವೆ ಫೋಟೊ ತೆಗೆಯುವವರಿಗೆ ಸ್ವಂತ ತಾಣ ಪ್ರಯೋಜನಕಾರಿ. ಪ್ರೊಫೈಲಿನ ಜೊತೆ ಗೂಗಲ್ ಉಚಿತವಾಗಿ ಕೊಡುತ್ತಿದ್ದ ಒಂದು ಪುಟದ ತಾಣಗಳು 2024ರ ಮಾರ್ಚಿನಲ್ಲಿ ನಿಂತುಹೋದವು; ಅವುಗಳ ಮೇಲೆ ಮಾತ್ರ ನೆಚ್ಚಿಕೊಂಡಿದ್ದವರ ಕಾರ್ಡು, ಬೋರ್ಡುಗಳ ಮೇಲಿನ ವಿಳಾಸ ವ್ಯರ್ಥವಾಯಿತು. ಡಾಟ್ ಇನ್ ಹೆಸರೊಂದನ್ನು ವರ್ಷಕ್ಕೆ ಇಷ್ಟೆಂದು ಕೊಟ್ಟು ತಮ್ಮ ಹೆಸರಿನಲ್ಲೇ ನೋಂದಾಯಿಸಿಕೊಂಡರೆ ಈ ಭಯವಿಲ್ಲ.

ಮಾರಾಟ ವೇದಿಕೆಗಳ ಲೆಕ್ಕ ಬೇರೆ. 1996ರಲ್ಲಿ ಶುರುವಾದ ಇಂಡಿಯಾಮಾರ್ಟ್ ಸಗಟು ವಿಚಾರಣೆಗಳನ್ನು ತರುತ್ತದೆ, ಅದೇ ವರ್ಷದ ಜಸ್ಟ್‌ಡಯಲ್ ಊರಿನ ಸೇವೆಗಳ ಪಟ್ಟಿ ಕೊಡುತ್ತದೆ. 2015ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಮೀಶೋ, ಮನೆಯಲ್ಲಿ ಕೂತು ವಾಟ್ಸ್‌ಆ್ಯಪ್ ಮೂಲಕ ಬಟ್ಟೆ ಮರುಮಾರಾಟ ಮಾಡುವ ಮಹಿಳೆಯರನ್ನೇ ನೆಚ್ಚಿ ಬೆಳೆಯಿತು. ಕೇಂದ್ರ ಸರ್ಕಾರದ ಬೆಂಬಲದ ಓಎನ್‌ಡಿಸಿ ಜಾಲ ಯಾವುದೇ ಒಂದು ಆ್ಯಪ್‌ನ ಹಿಡಿತವಿಲ್ಲದೆ ಮಾರುವ ದಾರಿ ತೆರೆಯಲು 2021ರ ಕೊನೆಯಲ್ಲಿ ಕಂಪನಿಯಾಗಿ ನೋಂದಣಿಯಾಯಿತು. ಸ್ವಿಗ್ಗಿ, ಜೊಮ್ಯಾಟೊಗಳು ಹುಬ್ಬಳ್ಳಿಯಲ್ಲಿ ಖಾನಾವಳಿ ಊಟವನ್ನು ಮನೆ ಬಾಗಿಲಿಗೆ ಒಯ್ಯುತ್ತವೆ. ವೇದಿಕೆ ಗಿರಾಕಿಯನ್ನು ತಂದುಕೊಡುತ್ತದೆ, ಬದಲಿಗೆ ಕಮಿಷನ್ ಪಡೆಯುತ್ತದೆ. ಆ ಗಿರಾಕಿಯ ನಂಬರು, ಪರಿಚಯ ಎರಡೂ ವೇದಿಕೆಯ ಬಳಿಯೇ ಉಳಿಯುತ್ತವೆ. ವೇದಿಕೆಯೊಂದನ್ನೇ ನಂಬಿ ಪೂರ್ತಿ ವ್ಯಾಪಾರ ಕಟ್ಟುವುದು ಈ ಕಾರಣಕ್ಕೆ ಗಟ್ಟಿಯಾದ ಯೋಜನೆಯಲ್ಲ.

ಒಟ್ಟಾಗಿ ಕಾಣಿಸಿಕೊಳ್ಳುವುದರ ಬಲಕ್ಕೆ ಕಲಬುರಗಿ ರೊಟ್ಟಿ ಸಾಕ್ಷಿ. ಆ ಜಿಲ್ಲೆಯ ಸ್ವಸಹಾಯ ಸಂಘಗಳ ಮಹಿಳೆಯರು ಬಡಿಯುವ ಜೋಳದ ರೊಟ್ಟಿಯನ್ನು ಜಿಲ್ಲಾಡಳಿತದ ನೆರವಿನಿಂದ, ಸಹಕಾರ ಸಂಘದ ಮೂಲಕ ಒಂದೇ ಹೆಸರಿನಡಿ ತರಲಾಯಿತು. ದಿನಕ್ಕೆ 3,000ಕ್ಕೂ ಹೆಚ್ಚು ರೊಟ್ಟಿ ತಯಾರಾಗುತ್ತಿದ್ದು, ಬೆಂಗಳೂರಿನಲ್ಲಿ ಮಳಿಗೆ ತೆರೆದು ಆನ್‌ಲೈನ್ ಆರ್ಡರ್‌ಗಳೂ ಬರುತ್ತಿವೆ ಎಂದು 2025ರ ಜೂನ್ ತಿಂಗಳ ಮನ್ ಕಿ ಬಾತ್‌ನಲ್ಲಿ ಪ್ರಧಾನಿ ಪ್ರಸ್ತಾಪಿಸಿದರು. ಒಬ್ಬೊಬ್ಬ ಮಹಿಳೆಯೂ ಬೇರೆ ಬೇರೆ ಪ್ರಚಾರ ಮಾಡಿದ್ದರೆ ಇದು ಆಗುತ್ತಿರಲಿಲ್ಲ. ಧಾರವಾಡ ಪೇಢಾ, ನವಲಗುಂದದ ಜಮಖಾನೆ, ಕಸೂತಿ ಕಲೆಗಳಿಗೆ ಭೌಗೋಳಿಕ ಸೂಚಕದ ಮಾನ್ಯತೆ ಇದೆ. ಊರಿನ ಹೆಸರೇ ಇಲ್ಲಿ ಗುಣದ ಗುರುತಾಗಿ, ಜನ ಹುಡುಕುವ ಪದವೂ ಆಗಿದೆ. ನಿಜವಾದ ಕಸುಬುದಾರರು ತಮ್ಮ ಪುಟಗಳಲ್ಲಿ ಈ ಹೆಸರನ್ನು ಸರಿಯಾಗಿ ಬಳಸದಿದ್ದರೆ ನಕಲಿನವರು ಆ ಜಾಗವನ್ನು ತುಂಬುತ್ತಾರೆ.

ಜಾಹೀರಾತಿನ ಖರ್ಚು

ಗೂಗಲ್ ಜಾಹೀರಾತಿನಲ್ಲಿ ಸಾಮಾನ್ಯವಾಗಿ ಕ್ಲಿಕ್ಕಿಗೆ ಇಷ್ಟು ಎಂದು ಹಣ ಹೋಗುತ್ತದೆ; ಫೇಸ್‌ಬುಕ್ ಮತ್ತು ಇನ್‌ಸ್ಟಾಗ್ರಾಮ್‌ಗಳಲ್ಲಿ ದಿನದ ಮಿತಿ, ನೋಡುವವರ ವಯಸ್ಸು, ಊರು, ಅಂಗಡಿಯಿಂದ ಎಷ್ಟು ಕಿಲೋಮೀಟರ್ ಸುತ್ತಳತೆ ಎಂಬುದನ್ನೆಲ್ಲ ಆರಿಸಬಹುದು. ಸಣ್ಣ ವ್ಯಾಪಾರಿ ಕಳೆದುಕೊಳ್ಳುವುದು ಈ ಸುತ್ತಳತೆಯನ್ನು ಹಾಗೇ ಬಿಟ್ಟಾಗ: ಹುಬ್ಬಳ್ಳಿಯ ಬ್ಯೂಟಿ ಪಾರ್ಲರಿನ ಜಾಹೀರಾತು ಮೈಸೂರಿನವರಿಗೆ ಕಂಡರೂ ಹಣ ಖರ್ಚಾಗುತ್ತದೆ. ಜಾಹೀರಾತು ನಿಲ್ಲಿಸಿದ ದಿನವೇ ಅದರ ಗೋಚರತೆಯೂ ನಿಲ್ಲುತ್ತದೆ. ಪ್ರೊಫೈಲ್, ಫೋಟೊ, ರಿವ್ಯೂ ಸರಿಯಿಲ್ಲದೆ ಜಾಹೀರಾತಿಗೆ ಹಣ ಹಾಕುವುದು ವ್ಯರ್ಥ. ಫಲ ಅಳೆಯಲು ಲೈಕುಗಳಿಗಿಂತ ಪ್ರೊಫೈಲಿನಿಂದ ಬಂದ ಫೋನ್ ಕರೆಗಳು, ದಾರಿ ಕೇಳಿದವರ ಸಂಖ್ಯೆ, ಮತ್ತು ‘ನಮ್ಮ ಅಂಗಡಿ ಹೆಂಗ್ ಗೊತ್ತಾತ್ರಿ’ ಎಂದು ಗಿರಾಕಿಯನ್ನೇ ಕೇಳಿ ಬರೆದಿಟ್ಟ ಉತ್ತರ ಹೆಚ್ಚು ವಿಶ್ವಾಸಾರ್ಹ.

ವೃತ್ತಿಯವರು ಮತ್ತು ಕಟ್ಟಳೆಗಳು

ವ್ಯಕ್ತಿಗೆ ಹೆಸರೇ ಅಂಗಡಿ. ಸಂಗೀತ ಶಿಕ್ಷಕರು, ಮೆಹಂದಿ ಹಾಕುವವರು, ಟ್ಯೂಷನ್ ಹೇಳುವವರು ತಮ್ಮ ಕೆಲಸದ ಮಾದರಿಗಳನ್ನು ವಿಡಿಯೊದಲ್ಲಿ ತೋರಿಸಿ ಶಿಷ್ಯರನ್ನು, ಗಿರಾಕಿಗಳನ್ನು ಪಡೆಯುತ್ತಾರೆ. ಗಂಗೂಬಾಯಿ ಹಾನಗಲ್ ಅವರು ಬಾಳಿದ ಊರಿನಲ್ಲಿ ಹಿಂದೂಸ್ತಾನಿ ಸಂಗೀತ ಕಲಿಸುವವರಿಗೆ ವಿದೇಶದ ಕನ್ನಡ ಮನೆಗಳ ಮಕ್ಕಳನ್ನೂ ವಿಡಿಯೊ ಕರೆಯಲ್ಲಿ ಕಲಿಸುವ ಅವಕಾಶ ಇದೆ. ಎಲ್ಲ ವೃತ್ತಿಗೂ ಈ ಸ್ವಾತಂತ್ರ್ಯ ಇಲ್ಲ. ವಕೀಲರು ಜಾಹೀರಾತು ಕೊಡುವುದನ್ನು ಬಾರ್ ಕೌನ್ಸಿಲ್‌ನ 36ನೆಯ ನಿಯಮ ನಿ‍ರ್ಬಂಧಿಸುತ್ತದೆ. 2008ರ ತಿದ್ದುಪಡಿಯಿಂದ ಹೆಸರು, ವಿಳಾಸ, ನೋಂದಣಿ, ವಿದ್ಯಾರ್ಹತೆ, ಕೆಲಸದ ಕ್ಷೇತ್ರದಷ್ಟು ವಿವರವನ್ನು ತಾಣದಲ್ಲಿ ಕೊಡಲು ಅನುಮತಿ ಸಿಕ್ಕಿತು. ವೈದ್ಯರು ರೋಗಿಗಳನ್ನು ಸೆಳೆಯಲು ಪ್ರಚಾರ ಮಾಡುವುದಕ್ಕೆ 2002ರ ವೃತ್ತಿ ನಡವಳಿಕೆ ನಿಯಮಗಳ ತಡೆ ಇದೆ. ಧಾರವಾಡ ಸ್ಪರ್ಧಾತ್ಮಕ ಪರೀಕ್ಷೆಗಳ ಕೋಚಿಂಗ್‌ಗೆ ಹೆಸರಾದ ಊರು. ಕೋಚಿಂಗ್ ಕೇಂದ್ರಗಳು ಆಯ್ಕೆಯ ಸುಳ್ಳು ಅಂಕಿ ಕೊಡುವುದನ್ನು, ಒಪ್ಪಿಗೆಯಿಲ್ಲದೆ ಅಭ್ಯರ್ಥಿಗಳ ಫೋಟೊ ಬಳಸುವುದನ್ನು ತಡೆಯುವ ಮಾರ್ಗಸೂಚಿಯನ್ನು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2024ರ ನವೆಂಬರಿನಲ್ಲಿ ಹೊರಡಿಸಿದೆ. ಹಣ ಅಥವಾ ಉಡುಗೊರೆ ಪಡೆದು ಅಂಗಡಿಯೊಂದನ್ನು ಹೊಗಳುವ ರೀಲ್ ಮಾಡಿದವರು ಅದು ಜಾಹೀರಾತೆಂದು ತಿಳಿಸಬೇಕು ಎಂಬುದು 2022ರ ಮಾರ್ಗಸೂಚಿ. ದಾರಿ ತಪ್ಪಿಸುವ ಜಾಹೀರಾತಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ 10 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು.

ತಿನಿಸು ಮಾರುವವರು ಮನೆಯಲ್ಲೇ ತಯಾರಿಸಿದರೂ ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಯ ನೋಂದಣಿ ಸಂಖ್ಯೆ ಪಡೆಯಬೇಕು. ಗಿರಾಕಿಗಳ ನಂಬರುಗಳ ಬಳಕೆಗೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಒಪ್ಪಿಗೆಯ ಕಟ್ಟು ಹಾಕಿದೆ. ಆನ್‌ಲೈನ್‌ನಲ್ಲಿ ಕಾಣಿಸಿಕೊಂಡಷ್ಟೂ ವಹಿವಾಟಿನ ಜಾಡೂ ಉಳಿಯುತ್ತದೆ. 2025ರ ಜುಲೈಯಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕದ ಆಧಾರದಲ್ಲಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಾಗ, ಬೆಂಗಳೂರಿನ ಎಷ್ಟೋ ಅಂಗಡಿಗಳಲ್ಲಿ ಕ್ಯೂಆರ್ ಕೋಡ್ ತೆಗೆದು ‘ನಗದು ಮಾತ್ರ’ ಎಂಬ ಚೀಟಿ ಅಂಟಿಸಿದರು; ಮುಖ್ಯಮಂತ್ರಿಯೊಂದಿಗೆ ಸಭೆ ನಡೆದ ಮೇಲೆ ವ್ಯಾಪಾರಿಗಳು ತಾವು ಕೊಟ್ಟಿದ್ದ ಬಂದ್ ಕರೆಯನ್ನು ಹಿಂದಕ್ಕೆ ಪಡೆದರು. ಕ್ಯೂಆರ್ ಕೋಡ್ ಮರೆಮಾಡುವುದು ಪರಿಹಾರವಲ್ಲ. ಸರಕು ಮಾರುವವರಿಗೆ ವರ್ಷದ ವಹಿವಾಟು 40 ಲಕ್ಷ, ಸೇವೆ ಕೊಡುವವರಿಗೆ 20 ಲಕ್ಷ ರೂಪಾಯಿ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು ಎಂಬುದನ್ನು ತಿಳಿದು, ವಹಿವಾಟಿನ ಲೆಕ್ಕ ಬರೆದಿಟ್ಟುಕೊಳ್ಳಬೇಕು.

ಎಐ ಉತ್ತರಗಳು

2024ರ ಆಗಸ್ಟಿನಿಂದ ಭಾರತದಲ್ಲೂ ಗೂಗಲ್ ಹುಡುಕಾಟದ ಮೇಲ್ತುದಿಯಲ್ಲಿ ಎಐ ಬರೆದ ಸಾರಾಂಶ ಬರುತ್ತಿದೆ. ಉತ್ತರ ಅಲ್ಲಿಯೇ ಸಿಕ್ಕರೆ ಜನ ತಾಣಗಳಿಗೆ ಹೋಗುವುದು ಕಡಿಮೆಯಾಗುತ್ತದೆ. ಈ ಸಾರಾಂಶಗಳು ಹಲವು ಮೂಲಗಳನ್ನು ಓದಿ ಸಿದ್ಧವಾಗುತ್ತವೆ. ಒಂದು ಕಡೆ ಹಳೆಯ ಫೋನ್ ನಂಬರು, ಇನ್ನೊಂದು ಕಡೆ ಬಿಟ್ಟುಹೋದ ವಿಳಾಸ ಇದ್ದರೆ ತಪ್ಪು ಉತ್ತರ ಬರುತ್ತದೆ. ಎಲ್ಲೆಡೆ ಒಂದೇ ಹೆಸರು, ಒಂದೇ ವಿಳಾಸ, ಒಂದೇ ನಂಬರು ಇಡುವ ಹಳೆಯ ಶಿಸ್ತಿಗೆ ಇದರಿಂದ ಬೆಲೆ ಹೆಚ್ಚಿದೆ.

ಒಡೆತನ ಮತ್ತು ವಂಚನೆ

ಪ್ರೊಫೈಲ್, ಪುಟ, ಡೊಮೇನ್ ಇವೆಲ್ಲ ಈಗ ಅಂಗಡಿಯ ಆಸ್ತಿ. ಪ್ರಚಾರ ಮಾಡಿಕೊಡುವ ಹುಡುಗರೋ ಏಜೆನ್ಸಿಯವರೋ ತಮ್ಮ ಇಮೇಲಿನಿಂದಲೇ ಖಾತೆ ತೆರೆದುಕೊಟ್ಟರೆ, ಮುಂದೆ ಅವರೊಂದಿಗೆ ಸಂಬಂಧ ಕೆಟ್ಟಾಗ ವರ್ಷಗಳ ರಿವ್ಯೂ, ಫೋಟೊ ಎಲ್ಲ ಕೈತಪ್ಪುತ್ತದೆ. ಮುಖ್ಯ ಒಡೆಯರ ಜಾಗದಲ್ಲಿ ಅಂಗಡಿ ಮಾಲೀಕರ ಇಮೇಲೇ ಇರಬೇಕು, ಬೇರೆಯವರಿಗೆ ನಿರ್ವಾಹಕರ ಹಕ್ಕು ಮಾತ್ರ ಕೊಡಬೇಕು. ‘ಗೂಗಲ್‌ನಿಂದ ಮಾತಾಡುತ್ತಿದ್ದೇವೆ, ಶುಲ್ಕ ಕಟ್ಟದಿದ್ದರೆ ನಿಮ್ಮ ಅಂಗಡಿ ನಕ್ಷೆಯಿಂದ ಹೋಗುತ್ತದೆ’ ಎಂದು ಬರುವ ಕರೆಗಳು ಸುಳ್ಳು. ದೊಡ್ಡ ಆರ್ಡರ್ ಕೊಡುವ ನೆಪದಲ್ಲಿ ‘ಮುಂಗಡ ಕಳಿಸುತ್ತೇವೆ, ಈ ಕೋಡ್ ಸ್ಕ್ಯಾನ್ ಮಾಡಿ’ ಎನ್ನುವವರೂ ವಂಚಕರೇ; ಯುಪಿಐನಲ್ಲಿ ಹಣ ಪಡೆಯಲು ಸ್ಕ್ಯಾನ್ ಮಾಡುವ, ಪಿನ್ ಒತ್ತುವ ಅಗತ್ಯವೇ ಇಲ್ಲ. ಹಣ ಹೋಗಿದೆ ಎಂದು ಗೊತ್ತಾದ ಕೂಡಲೇ ರಾಷ್ಟ್ರೀಯ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಕರೆ ಎಷ್ಟು ಬೇಗ ಹೋಗುತ್ತದೋ ಅಷ್ಟು ಬೇಗ ಹಣ ಹೋದ ಖಾತೆಯನ್ನು ತಡೆಹಿಡಿಯಲು ಬ್ಯಾಂಕಿಗೆ ಸಾಧ್ಯವಾಗುತ್ತದೆ.